ಡೆಟ್ರಾಯಿಟಿನ ಒಡಲೊಳಗಣ ಎರಡು ಊರುಗಳು

ಅಮೆರಿಕದ ಮಿಚಿಗನ್ ರಾಜ್ಯದ ಆಗ್ನೇಯದ ಅಂಚಿನಲ್ಲಿ, ಕೆನಡಾ ದೇಶದ ಎಲ್ಲೆಯಾಗಿ ಹರಿಯುವ ನದಿಯೊಂದರ ದಂಡೆಯ ಮೇಲೆ ಹಬ್ಬಿಕೊಂಡಿರುವ ಡೆಟ್ರಾಯಿಟ್ ಮಹಾನಗರದ ಭೂಪಟವನ್ನು ಹರಡಿ ನೋಡಿದವರಿಗೆ, ಆ ನಗರದ ನಟ್ಟನಡುವೆ, ಒಂದಕ್ಕೊಂದು ತಾಗಿಕೊಂಡು, ಬೇರೆ ಬಣ್ಣದಲ್ಲಿ ಅಚ್ಚಾದ ಎರಡು ಸಣ್ಣ ತುಂಡುಗಳು ಕಾಣಿಸುತ್ತವೆ. ಅಚ್ಚಿನವನ ಪ್ರಮಾದದಿಂದ ಹಾಗಾಗಿರಬೇಕೆಂದು ಮೊದಲ ನೋಟಕ್ಕೆ ತೋರುವುದು ಸಹಜ. ಏಕೆಂದರೆ ಆ ತುಂಡುಗಳ ಸುತ್ತಲೂ ಇರುವುದು ಡೆಟ್ರಾಯಿಟೇ, ಅವುಗಳ ಮೂಲಕ ಹಾದುಹೋಗುವ ಹೆದ್ದಾರಿಗಳು ಡೆಟ್ರಾಯಿಟಿನವೇ, ಒಂದು ಬೀದಿಯ ಈಚೆ ಬದಿಯ ಮನೆಗಳಿಗೂ ಆಚೆ ಬದಿಯ ಮನೆಗಳಿಗೂ ಕಟ್ಟಡದಲ್ಲಾಗಲಿ ಮರದ ನೆರಳಿನಲ್ಲಾಗಲಿ ಭೇದವೇನೂ ಇಲ್ಲ. ಆದರೆ ಪ್ರಮಾದ ಅಚ್ಚಿನವನದಲ್ಲ. ಆ ಎರಡು ತುಂಡುಗಳು ಡೆಟ್ರಾಯಿಟಿಗೆ ಸೇರಿದವುಗಳಲ್ಲ. ಅವು ತಮ್ಮದೇ ಆದ ಮೇಯರು, ನಗರಸಭೆ, ಆಯವ್ಯಯ ಮತ್ತು ತೆರಿಗೆಯ ದಫ್ತರಗಳುಳ್ಳ ಸ್ವತಂತ್ರ ನಗರಗಳು. ಪೂರ್ವದ ತುಂಡಿಗೆ ಹ್ಯಾಮ್‌ಟ್ರಾಮಿಕ್ ಎಂದೂ, ಪಶ್ಚಿಮದ್ದಕ್ಕೆ ಹೈಲ್ಯಾಂಡ್ ಪಾರ್ಕ್ ಎಂದೂ ಹೆಸರು. ಡೆಟ್ರಾಯಿಟಿನ ವಿಸ್ತೀರ್ಣ 139 ಚದರ ಮೈಲಿಗಳಷ್ಟಿದ್ದರೆ, ಹ್ಯಾಮ್‌ಟ್ರಾಮಿಕ್‌ನದು ಎರಡಕ್ಕೆ ತುಸು ಹೆಚ್ಚು, ಹೈಲ್ಯಾಂಡ್ ಪಾರ್ಕಿನದು ಮೂರಕ್ಕೆ ತುಸು ಕಡಮೆ. ನಾಲ್ಕು ದಿಕ್ಕಿನಲ್ಲೂ ದಾಯಾದಿಯ ಹೊಲಗಳು ಒತ್ತಿ ನಿಂತ ಗುಂಟೆ ಭೂಮಿಯ ಒಡೆಯನ ಸ್ಥಿತಿಯೇ ಇವುಗಳದೂ ಆಗಿದೆ.

ಈ ಎಲ್ಲೆಗಳನ್ನು ಎಳೆದುದು ಪ್ರಕೃತಿಯಲ್ಲ, ಭಾಷೆಯಲ್ಲ, ಮತಧರ್ಮವೂ ಅಲ್ಲ, ಎಳೆದುದು ಕಾರ್ಖಾನೆ. ಎಳೆಸಿದುದು ತೆರಿಗೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮೋಟಾರು ವಾಹನಗಳ ಉದ್ಯಮವು ಡೆಟ್ರಾಯಿಟಿನಲ್ಲಿ ಬೇರೂರುತ್ತಿದ್ದಾಗ, ಪೇಟೆಯೊಳಗೆ ಜಾಗ ಸಾಲದೆ, ಇದ್ದ ಜಾಗಕ್ಕೆ ಬೆಲೆಯೂ ಕರಭಾರವೂ ಅಧಿಕವೆನಿಸಿ, ರೈಲುದಾರಿಗಳು ಹತ್ತಿರವಾಗಿದ್ದು ಪೌರಾಡಳಿತದ ಕೈ ಮಾತ್ರ ದೂರವಾಗಿದ್ದ ಹೊಲಗದ್ದೆಗಳ ಕಡೆಗೆ ಉದ್ಯಮಿಗಳು ಕಣ್ಣು ಹೊರಳಿಸಿದರು. ಹೆನ್ರಿ ಫೋರ್ಡರು ಹೈಲ್ಯಾಂಡ್ ಪಾರ್ಕನ್ನು ಆಯ್ದುಕೊಂಡರು. ಅವರ ಮೊದಲ ವರ್ಷಗಳ ಕಾರುಗಳಿಗೆ ಎಂಜಿನು ಮೊದಲಾದ ಮುಖ್ಯಾಂಗಗಳನ್ನು ತಯಾರಿಸಿ ಒದಗಿಸುತ್ತಿದ್ದ ಜಾನ್ ಮತ್ತು ಹೊರೇಸ್ ಡಾಡ್ಜ್ ಎಂಬ ಸೋದರರು ಹ್ಯಾಮ್‌ಟ್ರಾಮಿಕ್‌ನ ದಕ್ಷಿಣದ ತುದಿಯನ್ನು ಆಯ್ದುಕೊಂಡರು. ಎರಡು ಕಾರ್ಖಾನೆಗಳೂ ಕೆಲಸ ಆರಂಭಿಸಿದುದು 1910ರ ಸುಮಾರಿನಲ್ಲಿ. ಆಗ ಈ ಎರಡೂ ಊರುಗಳು ಬರಿಯ ಹಳ್ಳಿಗಳು; ಒಂದೊಂದರ ಜನಸಂಖ್ಯೆಯೂ ನಾಲ್ಕು ಸಾವಿರದ ಆಸುಪಾಸು. ಹತ್ತೇ ವರ್ಷಗಳು ಕಳೆದು 1920ರ ಜನಗಣತಿ ಬರುವ ವೇಳೆಗೆ ಹೈಲ್ಯಾಂಡ್ ಪಾರ್ಕಿನಲ್ಲಿ 46,000ಕ್ಕೂ, ಹ್ಯಾಮ್‌ಟ್ರಾಮಿಕ್‌ನಲ್ಲಿ 48,000ಕ್ಕೂ ಮಿಕ್ಕ ಜನರಿದ್ದರು.

ಅದೇ ಕಾಲದಲ್ಲಿ ಡೆಟ್ರಾಯಿಟು ಕೂಡ ಬೆಳೆಯುತ್ತಿತ್ತು. ಬೆಳೆಯುತ್ತಿತ್ತು ಎನ್ನುವುದಕ್ಕಿಂತ, ಸುತ್ತಲಿನ ಗ್ರಾಮಗಳನ್ನು ವರ್ಷವರ್ಷವೂ ತನ್ನೊಳಗೆ ಸೇರಿಸಿಕೊಳ್ಳುತ್ತ ನಡೆದಿತ್ತು ಎನ್ನುವುದು ಹೆಚ್ಚು ಸರಿಯಾದ ಮಾತು. ಆ ರಾಜ್ಯದ ವ್ಯವಸ್ಥೆಯಲ್ಲಿ ನಗರವೊಂದು ತನ್ನ ಪಕ್ಕದ ಗ್ರಾಮಭೂಮಿಯನ್ನು ಸೇರಿಸಿಕೊಳ್ಳುವುದು ಕಷ್ಟವಾಗಿರಲಿಲ್ಲ. ಆದರೆ ಆ ಗ್ರಾಮವೇ ಸನ್ನದು ಪಡೆದು ಸ್ವಯಂ ನಗರವಾಗಿಬಿಟ್ಟರೆ ನೆರೆಯ ದೊಡ್ಡ ನಗರದ ಕೈ ಅಲ್ಲಿಗೆ ತಡೆದು ನಿಲ್ಲುತ್ತಿತ್ತು. ಡೆಟ್ರಾಯಿಟಿಗೆ ಸೇರಿದರೆ ಕಾರ್ಖಾನೆಗೆ ತೆರಿಗೆ ಹೆಚ್ಚುವುದು. ಊರಿಗೋ, ಕಾರ್ಖಾನೆಯಿಂದ ಬರುವ ಹಣ ಮಹಾನಗರದ ಬೊಕ್ಕಸಕ್ಕೆ ಹರಿದುಹೋಗುವುದು. ಹೀಗೆ ಇಬ್ಬರ ಹಿತವೂ ಒಂದೆಡೆ ಕೂಡಿದುದರಿಂದ ಹೈಲ್ಯಾಂಡ್ ಪಾರ್ಕು 1918ರಲ್ಲಿಯೂ ಹ್ಯಾಮ್‌ಟ್ರಾಮಿಕ್ 1922ರಲ್ಲಿಯೂ ನಗರಗಳಾದುವು. ಡೆಟ್ರಾಯಿಟು ನಿಲ್ಲಲಿಲ್ಲ, ಇವನ್ನು ಬಳಸಿಕೊಂಡು, ಇವುಗಳಾಚೆಯ ಭೂಮಿಯನ್ನೆಲ್ಲ ಸೇರಿಸಿಕೊಳ್ಳುತ್ತ, 1926ರ ಹೊತ್ತಿಗೆ ತನ್ನ ಇಂದಿನ ಎಲ್ಲೆಯನ್ನು ಮುಟ್ಟಿತು. ಆಳುವವರ ಯೋಚನೆಯಿಂದಲ್ಲ, ಲೆಕ್ಕಪತ್ರದ ಯೋಚನೆಯಿಂದ ಹುಟ್ಟಿದ ಈ ಎರಡು ನಗರಗಳ ಮುಂದಿನ ಕಥೆ, ಅದೇ ಎಲ್ಲೆ ಒಂದಕ್ಕೆ ಹೇಗೆ ಉರುಳಾಯಿತು, ಇನ್ನೊಂದಕ್ಕೆ ಹೇಗೆ ಆಸರೆಯಾಯಿತು ಎಂಬುದರ ಕಥೆ.

ಹೈಲ್ಯಾಂಡ್ ಪಾರ್ಕಿನ ಕಾರ್ಖಾನೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಇಂದು ಜಗತ್ತಿನಲ್ಲಿ ಯಾವ ಊರಿನಲ್ಲಿ ಯಾವ ವಸ್ತು ಸಾವಿರಗಟ್ಟಲೆ ತಯಾರಾಗುತ್ತಿದ್ದರೂ ಆ ಕ್ರಮದ ಒಂದು ಮೂಲ ಅಲ್ಲಿದೆ. ಆಲ್ಬರ್ಟ್ ಕಾನ್ ಎಂಬ ವಾಸ್ತುಶಿಲ್ಪಿ ಕಾಂಕ್ರೀಟು ಮತ್ತು ಗಾಜಿನಿಂದ ರಚಿಸಿದ ನಾಲ್ಕು ಮಹಡಿಗಳ ಆ ದೀರ್ಘ ಕಟ್ಟಡಕ್ಕೆ, ಕಿಟಕಿಗಳ ಬಾಹುಳ್ಯವನ್ನು ಕಂಡ ಜನರು ಸ್ಫಟಿಕದ ಅರಮನೆ ಎಂದೇ ಹೆಸರಿಟ್ಟಿದ್ದರು. ಅಲ್ಲಿ 1913ರಲ್ಲಿ ನಡೆದ ಒಂದು ಪ್ರಯೋಗ ಹೀಗಿತ್ತು. ಎಂಜಿನಿನ ವಿದ್ಯುತ್ ಕಿಡಿಗೆ ಬೇಕಾದ ಮ್ಯಾಗ್ನೆಟೋ ಎಂಬ ಅಂಗವನ್ನು ಅದುವರೆಗೆ ಒಬ್ಬೊಬ್ಬ ಕುಶಲಕರ್ಮಿಯು ತನ್ನ ಮೇಜಿನ ಮುಂದೆ ಕುಳಿತು ಆದ್ಯಂತವಾಗಿ ತಾನೇ ಜೋಡಿಸುತ್ತಿದ್ದನು. ಒಂದಕ್ಕೆ ಸುಮಾರು ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಆ ಕೆಲಸವನ್ನು ಇಪ್ಪತ್ತೊಂಬತ್ತು ತುಂಡುಗಳಾಗಿ ಒಡೆದು, ಇಪ್ಪತ್ತೊಂಬತ್ತು ಜನರನ್ನು ಸಾಲಾಗಿ ನಿಲ್ಲಿಸಿ, ಒಬ್ಬನು ಒಂದು ತಿರುಪನ್ನು ಮಾತ್ರ ಬಿಗಿದು ವಸ್ತುವನ್ನು ಮುಂದಿನವನ ಕಡೆಗೆ ತಳ್ಳುವಂತೆ ಏರ್ಪಡಿಸಿದಾಗ ಅದೇ ಕೆಲಸ ಹದಿಮೂರು ನಿಮಿಷಕ್ಕೆ ಇಳಿಯಿತು. ಹಲಗೆಯ ಎತ್ತರವನ್ನು ತಿದ್ದಿ, ವಸ್ತುವು ತಾನೇ ಚಲಿಸುವಂತೆ ಸರಪಣಿ ಕಟ್ಟಿದ ಮೇಲೆ ಐದು ನಿಮಿಷಕ್ಕೆ ಬಂದು ನಿಂತಿತು. ಅದೇ ವರ್ಷದ ಶರತ್ಕಾಲದಲ್ಲಿ ಇಡೀ ಕಾರಿನ ಚೌಕಟ್ಟಿಗೆ ಹಗ್ಗ ಕಟ್ಟಿ, ರಾಟೆಯಿಂದ ನೆಲದ ಮೇಲೆ ಎಳೆಯುತ್ತ, ಅದರ ಇಕ್ಕೆಲಗಳಲ್ಲಿ ಆಳುಗಳು ಭಾಗಗಳನ್ನು ಕೂಡಿಸುತ್ತ ಹೋಗುವ ಪದ್ಧತಿಯನ್ನು ಪರೀಕ್ಷಿಸಿದರು. ಹನ್ನೆರಡು ಗಂಟೆಗೂ ಮಿಕ್ಕು ಹಿಡಿಯುತ್ತಿದ್ದ ಜೋಡಣೆಯು ಕೆಲವೇ ತಿಂಗಳುಗಳಲ್ಲಿ ಒಂದು ಗಂಟೆ ಮೂವತ್ತಮೂರು ನಿಮಿಷಗಳಲ್ಲಿ ಮುಗಿಯುವಂತಾಯಿತು. ಇಂದು ನಮ್ಮ ಕಾರ್ಮಿಕರೆಲ್ಲರ ಬಾಯಲ್ಲೂ ಬಳಕೆಯಲ್ಲಿರುವ ಅಸೆಂಬ್ಲಿ ಲೈನು ಹೀಗೆ ಹುಟ್ಟಿತು.

ಕಾಲ ಉಳಿಯಿತು, ಆದರೆ ಆಳು ಉಳಿಯಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಒಂದೇ ತಿರುಪನ್ನು ಬಿಗಿಯುವ ಕೆಲಸ ಯಾವ ಮನುಷ್ಯನಿಗೆ ತಾನೆ ರುಚಿಸೀತು? ಸೇರಿದ ಕೂಲಿಕಾರರು ತಿಂಗಳು ತುಂಬುವ ಮೊದಲೇ ಬಿಟ್ಟುಹೋಗುತ್ತಿದ್ದರು. 1913ರ ಒಂದು ವರ್ಷದಲ್ಲಿ ಕಾರ್ಖಾನೆಯು ತನಗೆ ಬೇಕಾದ ಸಂಖ್ಯೆಯ ಮೂರೂವರೆ ಪಟ್ಟಿಗೂ ಹೆಚ್ಚು ಜನರನ್ನು ಹೊಸದಾಗಿ ಸೇರಿಸಿಕೊಳ್ಳಬೇಕಾಯಿತು. 1914ರ ಜನವರಿ 5ರಂದು ಫೋರ್ಡ್ ಕಂಪೆನಿಯು ದಿನದ ಕೆಲಸವನ್ನು ಒಂಬತ್ತು ಗಂಟೆಗಳಿಂದ ಎಂಟಕ್ಕೆ ಇಳಿಸಿ, ಕೂಲಿಯನ್ನು ಹೆಚ್ಚುಕಡಮೆ ಇಮ್ಮಡಿ ಮಾಡಿ, ಐದು ಡಾಲರು ಕೊಡುವುದಾಗಿ ಸಾರಿದುದಕ್ಕೆ ಔದಾರ್ಯವು ಎಷ್ಟರ ಮಟ್ಟಿಗೆ ಕಾರಣವಾಗಿತ್ತೋ ಹೇಳುವುದು ಕಷ್ಟ. ಈ ಓಡಿಹೋಗುವಿಕೆ ಕಾರಣವಾಗಿತ್ತೆಂಬುದು ಮಾತ್ರ ನಿಶ್ಚಯ. ಆ ಐದು ಡಾಲರೂ ಎಲ್ಲರಿಗೂ ಸುಮ್ಮನೆ ದೊರೆಯುತ್ತಿರಲಿಲ್ಲ. ಕಂಪೆನಿಯ ಸಮಾಜಶಾಸ್ತ್ರ ವಿಭಾಗದ ಅಧಿಕಾರಿಗಳು ಕಾರ್ಮಿಕರ ಮನೆಮನೆಗೂ ಹೋಗಿ, ಕುಡಿಯುವನೇ, ಉಳಿತಾಯ ಮಾಡುವನೇ, ಮನೆ ಶುಚಿಯಾಗಿದೆಯೇ, ಹೊರಗಿನವರನ್ನು ಬಾಡಿಗೆಗೆ ಇಟ್ಟುಕೊಂಡಿರುವನೇ ಎಂದು ವಿಚಾರಿಸಿ ಬರೆದುಕೊಂಡು, ಯೋಗ್ಯನೆಂದು ಕಂಡವನಿಗೆ ಮಾತ್ರ ಪೂರ್ತಿ ಹಣ. ವಲಸೆ ಬಂದವರಿಗಾಗಿ ನಡೆಸುತ್ತಿದ್ದ ಇಂಗ್ಲಿಷ್ ಶಾಲೆಯ ಸಮಾರಂಭವಂತೂ ವಿಚಿತ್ರವಾದ ನಾಟಕ: ವೇದಿಕೆಯ ಮೇಲೆ ದೊಡ್ಡದೊಂದು ಕೊಪ್ಪರಿಗೆ, ತಮ್ಮ ತಮ್ಮ ದೇಶದ ಉಡುಪಿನಲ್ಲಿ ಬಂದ ಕಾರ್ಮಿಕರು ಅದರೊಳಕ್ಕೆ ಇಳಿಯುವರು, ಉಪಾಧ್ಯಾಯರು ಉದ್ದದ ಸೌಟುಗಳಿಂದ ಕದಡುವರು, ಇಳಿದವರು ಮತ್ತೊಂದು ಬದಿಯಿಂದ ಕೋಟು ಧರಿಸಿ, ಕೈಯಲ್ಲಿ ಅಮೆರಿಕದ ಬಾವುಟ ಹಿಡಿದು ಹೊರಬರುವರು. ಕೊಪ್ಪರಿಗೆಯಿಂದ ಹೊರಬಂದ ಮೇಲೆ ಮನೆಯಲ್ಲಿ ಅವರು ಯಾವ ಭಾಷೆ ಆಡಿದರೋ, ಯಾವ ಅಡಿಗೆ ಉಂಡರೋ ಕಂಪೆನಿಗೂ ತಿಳಿದಿರಲಾರದು. ಅಮೆರಿಕದಲ್ಲಿ ಮಸೀದಿಯೆಂದೇ ಕಟ್ಟಲ್ಪಟ್ಟ ಮೊದಮೊದಲ ಕಟ್ಟಡಗಳಲ್ಲೊಂದು 1921ರಲ್ಲಿ ಎದ್ದುದು ಇದೇ ಹೈಲ್ಯಾಂಡ್ ಪಾರ್ಕಿನಲ್ಲಿ. ಅದು ಬಹುಕಾಲ ಬಾಳಲಿಲ್ಲವಾದರೂ, ಕೊಪ್ಪರಿಗೆಯ ಶಕ್ತಿ ಎಷ್ಟಿತ್ತೆಂಬುದಕ್ಕೆ ಅದೊಂದು ಸಾಕ್ಷಿ.

ಈ ಎರಡು ಊರುಗಳ ಒಡೆಯರ ನಡುವೆ ನಡೆದ ವ್ಯಾಜ್ಯವೊಂದನ್ನು ಇಲ್ಲಿಯೇ ಹೇಳಿಬಿಡಬಹುದು. ಡಾಡ್ಜ್ ಸೋದರರು ಫೋರ್ಡ್ ಕಂಪೆನಿಯ ಪಾಲುದಾರರೂ ಆಗಿದ್ದರು. ಅಲ್ಲಿಂದ ಬರುತ್ತಿದ್ದ ಲಾಭಾಂಶದ ಬಲದಿಂದಲೇ ಅವರು 1914ರಲ್ಲಿ ಹ್ಯಾಮ್‌ಟ್ರಾಮಿಕ್‌ನಲ್ಲಿ ತಮ್ಮದೇ ಹೆಸರಿನ ಕಾರನ್ನು ಹೊರತಂದರು. ಫೋರ್ಡರು ಲಾಭವನ್ನು ಹಂಚುವುದನ್ನು ತಗ್ಗಿಸಿ, ಆ ಹಣವನ್ನು ಹೊಸ ಕಾರ್ಖಾನೆಗೆ ಹೂಡುವೆನೆಂದಾಗ ಡಾಡ್ಜರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ವ್ಯಾಪಾರ ಸಂಸ್ಥೆಯು ಮುಖ್ಯವಾಗಿ ಪಾಲುದಾರರ ಲಾಭಕ್ಕಾಗಿ ಇರತಕ್ಕದ್ದೆಂದು ಮಿಚಿಗನ್ನಿನ ಸರ್ವೋಚ್ಚ ನ್ಯಾಯಾಲಯವು 1919ರಲ್ಲಿ ಕೊಟ್ಟ ತೀರ್ಪನ್ನು ಇಂದಿಗೂ ಕಾನೂನು ವಿದ್ಯಾರ್ಥಿಗಳು ಓದುತ್ತಾರೆ. ಗೆದ್ದ ಸೋದರರಿಗೆ ಗೆಲುವನ್ನು ಅನುಭವಿಸುವ ಭಾಗ್ಯವಿರಲಿಲ್ಲ: 1920ರ ಜನವರಿಯಲ್ಲಿ ಅಣ್ಣನೂ, ಅದೇ ವರ್ಷದ ಡಿಸೆಂಬರಿನಲ್ಲಿ ತಮ್ಮನೂ ತೀರಿಕೊಂಡರು. ಅವರ ಕಂಪೆನಿಯನ್ನು 1928ರಲ್ಲಿ ಕ್ರೈಸ್ಲರ್ ಸಂಸ್ಥೆ ಕೊಂಡಿತು. ಆ ಸಂಸ್ಥೆಯ ಮುಖ್ಯ ಕಚೇರಿ ಇದ್ದುದು ಪಕ್ಕದ ಹೈಲ್ಯಾಂಡ್ ಪಾರ್ಕಿನಲ್ಲಿಯೇ. ನಮ್ಮ ದೇಶದಲ್ಲಿ ಮೋಟಾರು ಕಾರ್ಖಾನೆಯಾಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಹಂಬಲಿಸಿ ಯೋಜನೆ ಸಿದ್ಧಪಡಿಸಿದ್ದುದೂ, ಆ ಪ್ರಯತ್ನದಲ್ಲಿ ಅವರೊಡನಿದ್ದ ವಾಲಚಂದ ಹೀರಾಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿ ಕ್ರೈಸ್ಲರ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡುದೂ ಹಿರಿಯ ವಾಚಕರಿಗೆ ತಿಳಿದಿರಬಹುದು. ನಮ್ಮ ರಸ್ತೆಗಳಲ್ಲಿ ಓಡಾಡಿದ ಡಾಡ್ಜ್ ಮತ್ತು ಫಾರ್ಗೋ ಲಾರಿಗಳ ವಂಶವೃಕ್ಷದ ಬೇರು ಈ ಎರಡು ಪುಟ್ಟ ನಗರಗಳಲ್ಲಿದೆ.

ಇನ್ನು ಹ್ಯಾಮ್‌ಟ್ರಾಮಿಕ್. ಈ ಹೆಸರು ಕೆನಡಾದ ಕ್ವಿಬೆಕ್ಕಿನಲ್ಲಿ ಹುಟ್ಟಿ, ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿ, 1796ರಲ್ಲಿ ಡೆಟ್ರಾಯಿಟಿನ ಕೋಟೆಯನ್ನು ವಹಿಸಿಕೊಂಡ ಕರ್ನಲ್ ಒಬ್ಬನದು. ಆದರೆ ಊರನ್ನು ಕಟ್ಟಿದವರು ಪೋಲೆಂಡಿನವರು. ಡಾಡ್ಜ್ ಕಾರ್ಖಾನೆಯ ಕೂಲಿಯ ವಾರ್ತೆ ಕೇಳಿ ಅವರು ಗುಂಪುಗುಂಪಾಗಿ ಬಂದು ಇಳಿಯತೊಡಗಿದಾಗ, ಮೂರು ಸಾಮ್ರಾಜ್ಯಗಳ ನಡುವೆ ಹಂಚಿಹೋಗಿದ್ದ ಅವರ ದೇಶವು ಭೂಪಟದ ಮೇಲೆ ಇರಲೇ ಇಲ್ಲ. ಸ್ವದೇಶದಲ್ಲಿ ಇಲ್ಲದ ಸ್ವರಾಜ್ಯವನ್ನು ಎರಡು ಚದರ ಮೈಲಿಗಳಲ್ಲಿ ಅವರು ಅನುಭವಿಸಿದರು: ಅಂಗಡಿಯವನು ತಮ್ಮವನು, ಪಾದ್ರಿ ತಮ್ಮವನು, ಪೋಲೀಸಿನವನು ತಮ್ಮವನು, ನಗರಸಭೆಯ ಚರ್ಚೆಯೂ ತಮ್ಮ ನುಡಿಯಲ್ಲಿ ಅರ್ಥವಾಗುವಂಥದು. 1930ರಲ್ಲಿ 56,000 ಜನರು ಅಷ್ಟರಲ್ಲಿಯೇ ಬಾಳುತ್ತಿದ್ದರೆಂದರೆ ಅಲ್ಲಿನ ನಿಬಿಡತೆಯನ್ನು ಊಹಿಸಿಕೊಳ್ಳಬಹುದು. ನಿವೇಶನಗಳು ಮೂವತ್ತು ಅಡಿ ಅಗಲ. ಮನೆಗೂ ಮನೆಗೂ ನಡುವೆ ಒಬ್ಬನು ಓರೆಯಾಗಿ ನುಸುಳುವಷ್ಟೇ ಸಂದು. ಕೆಳಗಿನ ಅಂತಸ್ತಿನಲ್ಲಿ ಮನೆಯ ಒಡೆಯ, ಮೇಲಿನದರಲ್ಲಿ ಬಾಡಿಗೆಯ ಸಂಸಾರ, ಅದೂ ಸಾಲದೆ ಒಂಟಿ ಗಂಡಸರಿಗೆ ಹಾಸಿಗೆಯ ಲೆಕ್ಕದಲ್ಲಿ ಬಾಡಿಗೆ. ಹಗಲು ಪಾಳಿಯವನು ಎದ್ದುಹೋದ ಹಾಸಿಗೆಯ ಮೇಲೆ, ಅದರ ಬಿಸಿ ಆರುವ ಮುನ್ನ, ರಾತ್ರಿ ಪಾಳಿಯವನು ಬಂದು ಮಲಗುತ್ತಿದ್ದನು. ಫೋರ್ಡರ ಅಧಿಕಾರಿಗಳಿಗೆ ದೋಷವಾಗಿ ಕಂಡ ಈ ಬಾಡಿಗೆಯ ಪದ್ಧತಿಯಿಂದಲೇ ಅಲ್ಲಿಯ ಎಷ್ಟೋ ಕುಟುಂಬಗಳು ಮನೆಯ ಸಾಲವನ್ನು ತೀರಿಸಿದುವು.

ಇಂಥ ಊರಿನಲ್ಲಿ ಸದ್ದುಗದ್ದಲಕ್ಕೆ ಕೊರತೆಯಿರಲಿಲ್ಲ. ಪಾನನಿಷೇಧದ ಕಾಲದಲ್ಲಿ ಗುಪ್ತ ಪಾನಗೃಹಗಳಿಗೆ ಪ್ರಖ್ಯಾತವಾದ ಈ ನಗರದ ಪ್ರಥಮ ಮೇಯರನೇ ಮದ್ಯದ ಪ್ರಕರಣದಲ್ಲಿ ಅಪರಾಧಿಯೆಂದು ನಿರ್ಣೀತನಾದನು. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ, 1935ರ ಬೇಸಿಗೆಯಲ್ಲಿ, ಮಾಂಸದ ಬೆಲೆ ಗಗನಕ್ಕೇರಿದಾಗ, ಮೇರಿ ಝುಕ್ ಎಂಬ ಗೃಹಿಣಿಯ ಮುಂದಾಳುತನದಲ್ಲಿ ಊರಿನ ಹೆಂಗಸರು ಮಾಂಸದಂಗಡಿಗಳ ಮುಂದೆ ಕಾವಲು ನಿಂತು, ಬೆಲೆಯನ್ನು ನೂರಕ್ಕೆ ಇಪ್ಪತ್ತರಷ್ಟು ಇಳಿಸುವವರೆಗೆ ಯಾರೂ ಕೊಳ್ಳಕೂಡದೆಂದು ತಡೆದರು. ಕೊಂಡು ಹೊರಬಂದವರ ಕೈಯ ಪೊಟ್ಟಣ ನೆಲಕ್ಕೆ ಬೀಳುತ್ತಿತ್ತು. ಮರುವರ್ಷ ಮೇರಿ ಝುಕ್ ನಗರಸಭೆಗೆ ಆಯ್ಕೆಯಾದಳು. ಮಹಾನಗರದ ನೂರು ಬೀದಿಗಳಲ್ಲೊಂದಾಗಿದ್ದಿದ್ದರೆ ಈ ಬೀದಿಯ ಹೆಂಗಸಿಗೆ ಸಭೆಯ ಪೀಠ ಎಟಕುತ್ತಿತ್ತೇ ಎಂಬುದು ಯೋಚಿಸತಕ್ಕ ಪ್ರಶ್ನೆ. 1937ರ ಮಾರ್ಚಿನಲ್ಲಿ ಡಾಡ್ಜ್ ಕಾರ್ಖಾನೆಯ ಸಾವಿರಾರು ಕಾರ್ಮಿಕರು ಹೊರಗೆ ನಿಲ್ಲುವ ಬದಲು ಒಳಗೇ ಕುಳಿತು, ಯಂತ್ರಗಳ ಪಕ್ಕದಲ್ಲಿಯೇ ಉಂಡು ಮಲಗಿ ಮುಷ್ಕರ ಹೂಡಿದರು. ಸಂಘವನ್ನು ಮಾನ್ಯ ಮಾಡದೆ ಕಂಪೆನಿಗೆ ಗತ್ಯಂತರವಿರಲಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಲವತ್ತು ಸಾವಿರದ ಸುಮಾರು ಜನರಿಗೆ ಅನ್ನ ಕೊಟ್ಟ ಡಾಡ್ಜ್ ಮೇನ್ ಎಂಬ ಆ ಬಹುಮಹಡಿಯ ಕಾರ್ಖಾನೆಯು, ಒಂದೇ ಅಂತಸ್ತಿನ ವಿಶಾಲ ಕಾರ್ಖಾನೆಗಳ ಯುಗ ಬಂದ ಮೇಲೆ ಹಳತಾಯಿತು. ಭಾಗಗಳನ್ನು ಮಹಡಿಯಿಂದ ಮಹಡಿಗೆ ಏರಿಸಿ ಇಳಿಸುವ ಖರ್ಚು, ಸುತ್ತ ವಿಸ್ತರಿಸಲು ಅಂಗುಲದಷ್ಟೂ ಜಾಗವಿಲ್ಲದ ಇಕ್ಕಟ್ಟು, ಅದರ ಮೇಲೆ ಕ್ರೈಸ್ಲರ್ ಸಂಸ್ಥೆ ದಿವಾಳಿಯ ಅಂಚಿಗೆ ಬಂದು ಸರಕಾರದ ಮುಂದೆ ಕೈಯೊಡ್ಡಿದ ದುರ್ದಿನ ಇವೆಲ್ಲ ಕೂಡಿ 1980ರ ಜನವರಿಯಲ್ಲಿ ಅದರ ಬಾಗಿಲು ಮುಚ್ಚಿದುವು. ಊರಿನ ತೆರಿಗೆಯ ದೊಡ್ಡ ಪಾಲು ಒಂದೇ ಏಟಿಗೆ ಹೋಯಿತು. ಅನಂತರ ನಡೆದುದು ಅಮೆರಿಕದ ಕಾನೂನಿನ ಚರಿತ್ರೆಯಲ್ಲೇ ಕಹಿಯಾದ ಅಧ್ಯಾಯ. ಜನರಲ್ ಮೋಟಾರ್ಸ್ ಸಂಸ್ಥೆ ಆ ಸ್ಥಳದಲ್ಲಿ ಹೊಸ ಕಾರ್ಖಾನೆ ಕಟ್ಟಲು ಒಪ್ಪಿತು, ಆದರೆ ಅದಕ್ಕೆ ಪಕ್ಕದ ಡೆಟ್ರಾಯಿಟಿನ ಭೂಮಿಯೂ ಬೇಕಾಯಿತು. ಪೋಲಿಷ್ ಕುಟುಂಬಗಳೂ ಕರಿಯ ಜನರೂ ಕೂಡಿ ಬಾಳುತ್ತಿದ್ದ ಪೋಲ್‌ಟೌನ್ ಎಂಬ ಬಡಾವಣೆಯ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು, ಸಾವಿರಕ್ಕೂ ಮಿಕ್ಕ ಮನೆಗಳನ್ನು, ಅಂಗಡಿಗಳನ್ನು, ಚರ್ಚುಗಳನ್ನು ಡೆಟ್ರಾಯಿಟ್ ನಗರವು ಬಲವಂತದ ಭೂಸ್ವಾಧೀನದಿಂದ ತೆರವು ಮಾಡಿಸಿ ಖಾಸಗಿ ಕಂಪೆನಿಯೊಂದಕ್ಕೆ ಕೊಟ್ಟಿತು. ಮಿಚಿಗನ್ನಿನ ಸರ್ವೋಚ್ಚ ನ್ಯಾಯಾಲಯವು ನೌಕರಿ ಸೃಷ್ಟಿಯೂ ಸಾರ್ವಜನಿಕ ಉಪಯೋಗವೇ ಎಂದು 1981ರಲ್ಲಿ ಅದನ್ನು ಎತ್ತಿಹಿಡಿಯಿತು. ಇಮ್ಯಾಕ್ಯುಲೇಟ್ ಕನ್ಸೆಪ್ಷನ್ ಚರ್ಚಿನಲ್ಲಿ ಮುದುಕಿಯರು ಸುಮಾರು ಒಂದು ತಿಂಗಳು ಕುಳಿತು ಪ್ರತಿಭಟಿಸಿದರೂ ಪೋಲೀಸರು ಹೊರಹಾಕಿದರು, ಕಟ್ಟಡ ನೆಲಸಮವಾಯಿತು. ಅದೇ ನ್ಯಾಯಾಲಯವು 2004ರಲ್ಲಿ, ಬೇರೊಂದು ಮೊಕದ್ದಮೆಯಲ್ಲಿ, ತನ್ನ ಹಳೆಯ ತೀರ್ಪು ತಪ್ಪೆಂದು ತಳ್ಳಿಹಾಕಿತು. ಅಷ್ಟು ಹೊತ್ತಿಗೆ ಮನೆ ಕಳೆದುಕೊಂಡವರಲ್ಲಿ ಹಲವರು ಬದುಕಿರಲಿಲ್ಲ.

ಹೊಸ ಕಾರ್ಖಾನೆಯ ಆವರಣದೊಳಗೆ ಬೆತ್ ಓಲೆಮ್ ಎಂಬ ಹಳೆಯ ಯೆಹೂದ್ಯ ಸ್ಮಶಾನವೊಂದು ಹಾಗೆಯೇ ಉಳಿದುಕೊಂಡಿದೆ. ಜೀವಂತ ಜನರನ್ನು ಎಬ್ಬಿಸುವುದು ಸಾಧ್ಯವಾಯಿತು, ಸತ್ತವರನ್ನು ಎಬ್ಬಿಸುವುದಾಗಲಿಲ್ಲ. ವರ್ಷಕ್ಕೆ ಎರಡು ಬಾರಿ, ಯೆಹೂದ್ಯರ ಹಬ್ಬಗಳ ಆಸುಪಾಸಿನಲ್ಲಿ, ಕೆಲವು ಗಂಟೆಗಳ ಕಾಲ ಕಾರ್ಖಾನೆಯ ಗೇಟು ತೆರೆದು ಬಂಧುಗಳನ್ನು ಒಳಗೆ ಬಿಡುತ್ತಾರೆ. 1985ರಲ್ಲಿ ಆರಂಭವಾದ ಆ ಕಾರ್ಖಾನೆಗೆ 2020ರಲ್ಲಿ ಫ್ಯಾಕ್ಟರಿ ಜೀರೋ ಎಂಬ ಹೊಸ ಹೆಸರು ಬಂದು, ಈಗ ಅಲ್ಲಿ ವಿದ್ಯುತ್ ವಾಹನಗಳು ತಯಾರಾಗುತ್ತವೆ.

ಈಗ ಹೈಲ್ಯಾಂಡ್ ಪಾರ್ಕಿಗೆ ಹಿಂದಿರುಗೋಣ. 1920ರ ದಶಕದ ಕೊನೆಗೇ ಫೋರ್ಡರ ಕಾರುಗಳ ಜೋಡಣೆಯು ರೂಜ್ ನದಿಯ ದಡದ ಮಹಾಕಾರ್ಖಾನೆಗೆ ಹೊರಟುಹೋಗಿತ್ತು. ಊರನ್ನು ಎತ್ತಿ ಹಿಡಿದಿದ್ದುದು ಕ್ರೈಸ್ಲರಿನ ಮುಖ್ಯ ಕಚೇರಿ. 1990ರ ದಶಕದಲ್ಲಿ ಅದೂ ದೂರದ ಆಬರ್ನ್ ಹಿಲ್ಸಿಗೆ ಹೋಯಿತು. ತೆರಿಗೆ ಕೊಡುವ ಕಾರ್ಖಾನೆಗಾಗಿಯೇ ಎಳೆದ ಎಲ್ಲೆಯೊಳಗೆ ಕಾರ್ಖಾನೆಯೂ ಉಳಿಯದೆ, ಕಚೇರಿಯೂ ಉಳಿಯದೆ, ಎಲ್ಲೆ ಮಾತ್ರ ಉಳಿಯಿತು. 1930ರಲ್ಲಿ 53,000ದಷ್ಟಿದ್ದ ಜನಸಂಖ್ಯೆ 2020ರಲ್ಲಿ ಒಂಬತ್ತು ಸಾವಿರವನ್ನೂ ಮುಟ್ಟಲಿಲ್ಲ. ದೊಡ್ಡ ನಗರವಾಗಿದ್ದರೆ ಒಂದು ಬಡಾವಣೆಯ ನಷ್ಟವನ್ನು ಇನ್ನೊಂದು ಬಡಾವಣೆ ತುಂಬುವುದುಂಟು. ಮೂರು ಮೈಲಿಯ ನಗರದಲ್ಲಿ ತುಂಬುವವರು ಯಾರು? 2011ರಲ್ಲಿ ಸುಮಾರು ನಲವತ್ತು ಲಕ್ಷ ಡಾಲರುಗಳ ವಿದ್ಯುತ್ತಿನ ಬಾಕಿ ತೀರಿಸಲಾರದೆ, ನಗರವು ಕಂಪೆನಿಯೊಡನೆ ರಾಜಿಗೆ ಬಂದಿತು. ರಾಜಿಯ ಷರತ್ತಿನಂತೆ ಬೀದಿಬೀದಿಗಳಿಂದ ಸಾವಿರಕ್ಕೂ ಮಿಕ್ಕ ದೀಪಗಳನ್ನು, ಅಲ್ಲಲ್ಲಿ ಕಂಬಗಳನ್ನೂ ಸೇರಿಸಿ, ಕಿತ್ತೊಯ್ಯಲಾಯಿತು. ಮೋಟಾರು ಯುಗವು ಉದಿಸಿದ ಊರಿನಲ್ಲಿ ಸಂಜೆಯಾದರೆ ಜನರು ಕಾರಿನ ದೀಪವೊಂದನ್ನೇ ನೆಚ್ಚಿ ಮನೆ ಸೇರುವಂತಾಯಿತು. ನಿವಾಸಿಗಳು ಸಂಘ ಕಟ್ಟಿ, ಚಂದಾ ಎತ್ತಿ, ಸೂರ್ಯನ ಶಕ್ತಿಯಿಂದ ಉರಿಯುವ ದೀಪಗಳನ್ನು ಒಂದೊಂದಾಗಿ ನಿಲ್ಲಿಸತೊಡಗಿದ್ದು ಆ ಮೇಲೆ. ಊರಿನ ಪ್ರೌಢಶಾಲೆ 2015ರಲ್ಲಿ ಮುಚ್ಚಿತು. ಹಣದ ಬುದ್ಧಿಯಿಂದ ಹುಟ್ಟಿದ ನಗರ ಹಣವಿಲ್ಲದ ದಿನ ಬಂದಾಗ ಎಷ್ಟು ಒಂಟಿಯಾಗಬಲ್ಲುದು ಎಂಬುದನ್ನು ನೋಡಬೇಕಾದವರು ಇಲ್ಲಿ ನೋಡಬೇಕು.

ಹ್ಯಾಮ್‌ಟ್ರಾಮಿಕ್‌ಗೂ ಕಷ್ಟ ಕಡಮೆಯಾಗಿರಲಿಲ್ಲ. ಜನ ಒಂದು ಹಂತದಲ್ಲಿ 18,000ದ ಸುಮಾರಿಗೆ ಇಳಿದಿದ್ದರು. ರಾಜ್ಯ ಸರಕಾರವು ಎರಡು ಬಾರಿ ತನ್ನ ಅಧಿಕಾರಿಯನ್ನು ಕಳಿಸಿ ಊರಿನ ಹಣಕಾಸನ್ನು ವಹಿಸಿಕೊಂಡಿತು. 2010ರಲ್ಲಿ ದಿವಾಳಿ ಘೋಷಿಸಲು ಅನುಮತಿ ಬೇಡಿದ ನಗರಕ್ಕೆ ಆ ಅನುಮತಿಯೂ ಸಿಗಲಿಲ್ಲ. ಆದರೂ 2020ರ ಗಣತಿಯಲ್ಲಿ ಅಲ್ಲಿ 28,433 ಜನರಿದ್ದರು. ಇಳಿದುಹೋಗುವುದೇ ಸುತ್ತಲಿನ ರೂಢಿಯಾಗಿದ್ದಾಗ ಒಂದು ಊರು ಏರಿತಲ್ಲ, ಹೇಗೆ? ಪೋಲಿಷರ ಮೊಮ್ಮಕ್ಕಳು ಉಪನಗರಗಳಿಗೆ ಹೊರಟುಹೋದಾಗ ಬಿಟ್ಟುಹೋದ ಆ ಇಕ್ಕಟ್ಟಿನ ಜೋಡಿ ಮನೆಗಳು ಅಗ್ಗವಾಗಿದ್ದುವು. ಮಾರುಕಟ್ಟೆ ಕಾಲ್ನಡಿಗೆಯ ದೂರದಲ್ಲಿತ್ತು. ಕೆಳಗೆ ತಾವಿದ್ದು ಮೇಲೆ ಬಂಧುವನ್ನಿಡಲು ಮನೆ ಒದಗುತ್ತಿತ್ತು. ಯೆಮೆನ್ ದೇಶದವರೂ, ಬಾಂಗ್ಲಾದೇಶದವರೂ, ಬೋಸ್ನಿಯಾದವರೂ ಬಂದು ನೆಲೆಸಿದರು. ಕೋನಂಟ್ ರಸ್ತೆಯ ಒಂದು ಭಾಗಕ್ಕೆ ಬಾಂಗ್ಲಾದೇಶ ಅವೆನ್ಯೂ ಎಂಬ ಗೌರವನಾಮವಿದೆ. ಅಲ್ಲಿ ಸೀರೆಯ ಅಂಗಡಿಯ ಫಲಕವೂ ಮೀನಿನ ಅಂಗಡಿಯ ಫಲಕವೂ ಬಂಗಾಳಿಯಲ್ಲಿವೆ, ಮತಪತ್ರವೂ ಆ ಲಿಪಿಯಲ್ಲಿ ಅಚ್ಚಾಗುತ್ತದೆ. ರಾಲ್ಫ್ ಆಡಮ್ಸ್ ಕ್ರ್ಯಾಮ್ ರಚಿಸಿದ ಸೇಂಟ್ ಫ್ಲೋರಿಯನ್ ಚರ್ಚಿನ ಗೋಪುರ ಇನ್ನೂ ಊರಿಗೆಲ್ಲ ಎತ್ತರ. ಉಪವಾಸದ ಋತುವಿನ ಹಿಂದಿನ ಮಂಗಳವಾರ ಜಾಮು ತುಂಬಿ ಕರಿದ ಪೊಂಚ್ಕಿ ಎಂಬ ಭಕ್ಷ್ಯಕ್ಕಾಗಿ ಬೇಕರಿಗಳ ಮುಂದೆ ನಸುಕಿನಲ್ಲೇ ಸಾಲು ನಿಲ್ಲುವವರಲ್ಲಿ ಪೋಲಿಷರಲ್ಲದವರೂ ಧಾರಾಳವಾಗಿ ಇರುತ್ತಾರೆ.

ಇದೆಲ್ಲ ಕಲಹವಿಲ್ಲದೆ ನಡೆಯಿತೆಂದು ಯಾರೂ ಭಾವಿಸಬಾರದು. 2004ರಲ್ಲಿ ಮಸೀದಿಯೊಂದು ಧ್ವನಿವರ್ಧಕದಲ್ಲಿ ಆಜಾನ್ ಕೂಗಲು ಅನುಮತಿ ಕೇಳಿದಾಗ ದೇಶದ ವಾರ್ತಾಪತ್ರಗಳೆಲ್ಲ ಅಲ್ಲಿಗೆ ಧಾವಿಸಿದುವು. ನಗರಸಭೆ ಅನುಮತಿ ಕೊಟ್ಟಿತು, ವಿರೋಧಿಗಳು ಜನಮತಗಣನೆಗೆ ಒಯ್ದರು, ಜನರು ಅನುಮತಿಯನ್ನು ಎತ್ತಿಹಿಡಿದರು. 2015ರಲ್ಲಿ ಅಮೆರಿಕದಲ್ಲಿಯೇ ಮೊದಲ ಬಾರಿಗೆ ಮುಸಲ್ಮಾನ ಸದಸ್ಯರ ಬಹುಮತವುಳ್ಳ ನಗರಸಭೆ ಇಲ್ಲಿ ಆಯ್ಕೆಯಾಯಿತು. 2021ರ ಚುನಾವಣೆಯಲ್ಲಿ ಯೆಮೆನ್ ಮೂಲದ ಆಮೆರ್ ಘಾಲಿಬ್ ಮೇಯರಾಗಿ ಆಯ್ಕೆಯಾದಾಗ, ನೂರು ವರ್ಷಗಳ ಅಖಂಡ ಪೋಲಿಷ್ ಮೇಯರರ ಪರಂಪರೆ ಮುಗಿಯಿತು. 2023ರಲ್ಲಿ ಅದೇ ಸಭೆಯು ಸರಕಾರಿ ಸ್ಥಳಗಳಲ್ಲಿ ಸಲಿಂಗಾನುರಾಗಿಗಳ ಬಾವುಟವೂ ಸೇರಿದಂತೆ ಹಲವು ಬಾವುಟಗಳನ್ನು ಹಾರಿಸದಂತೆ ನಿರ್ಣಯ ಮಾಡಿದಾಗ, ಮುಸಲ್ಮಾನರ ಪರವಾಗಿ ಹಿಂದೆ ಹೋರಾಡಿದ್ದ ಎಷ್ಟೋ ಮಂದಿ ಮನನೊಂದರು. ಇನ್ನೂ ಹಿಂದಿನ ಪಾಪವೊಂದಿದೆ: ನಗರ ನವೀಕರಣದ ಹೆಸರಿನಲ್ಲಿ ಪೋಲಿಷರ ಆಡಳಿತವು ಕರಿಯ ಕುಟುಂಬಗಳನ್ನು ಉದ್ದೇಶಪೂರ್ವಕವಾಗಿ ಊರಿನಿಂದ ಹೊರದೂಡಿತೆಂದು ನ್ಯಾಯಾಧೀಶ ಡೇಮನ್ ಕೀತ್ 1971ರಲ್ಲಿ ತೀರ್ಪಿತ್ತರು, ಅದರ ಪರಿಹಾರವಾಗಿ ಕಟ್ಟಬೇಕಾದ ಮನೆಗಳು ಪೂರ್ಣವಾಗಲು ಹೆಚ್ಚುಕಡಮೆ ನಾಲ್ಕು ದಶಕಗಳು ಹಿಡಿದುವು. ಸಣ್ಣ ನಗರದಲ್ಲಿ ಅಧಿಕಾರ ಕೈಗೆ ಎಟಕುತ್ತದೆಂಬುದು ಎಷ್ಟು ನಿಜವೋ, ಎಟಕಿದವರು ಅದನ್ನು ನೆರೆಯವನ ಮೇಲೆ ಬೀಸಬಲ್ಲರೆಂಬುದೂ ಅಷ್ಟೇ ನಿಜ. ಇಷ್ಟಾದರೂ ನನ್ನ ಅಭಿಪ್ರಾಯದಲ್ಲಿ ಹ್ಯಾಮ್‌ಟ್ರಾಮಿಕ್‌ನ್ನು ಉಳಿಸಿದುದು ಆ ಎಟಕುವಿಕೆಯೇ. ಕೆಲವೇ ಮತಗಳಲ್ಲಿ ಸಭಾಸದನಾಗಬಹುದಾದ ಊರಿನಲ್ಲಿ, ನಿನ್ನೆ ಬಂದವನೂ ನಾಳೆಯ ಊರನ್ನು ತನ್ನದೆಂದು ಬಗೆಯುತ್ತಾನೆ.

ಡೆಟ್ರಾಯಿಟಿನ ಸುತ್ತಮುತ್ತ ಕನ್ನಡಿಗರ ಸಂಖ್ಯೆ ಸಣ್ಣದಲ್ಲ. ಅಲ್ಲಿನ ಪಂಪ ಕನ್ನಡ ಕೂಟ ಹಳೆಯದು, ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ಅಕ್ಕದ 2002ರ ಸಮ್ಮೇಳನ ನಡೆದುದೂ ಆ ನಗರದಲ್ಲಿಯೇ. ಮೋಟಾರು ಕಂಪೆನಿಗಳಲ್ಲಿ ಎಂಜಿನಿಯರಾಗಿರುವ ಮಕ್ಕಳನ್ನು ನೋಡಲು ನಮ್ಮ ಕಡೆಯಿಂದ ಹೋಗುವ ತಂದೆತಾಯಿಗಳನ್ನು ಡಿಯರ್‌ಬಾರ್ನಿನ ಫೋರ್ಡ್ ವಸ್ತುಸಂಗ್ರಹಾಲಯಕ್ಕೆ ತಪ್ಪದೆ ಕರೆದೊಯ್ಯುತ್ತಾರೆ. ಅದರ ಜೊತೆಗೆ ಅರ್ಧ ದಿವಸವನ್ನು ಈ ಎರಡು ಊರುಗಳಿಗೂ ಮೀಸಲಿಡಿರೆಂದು ನನ್ನ ವಿನಂತಿ. ವುಡ್‌ವರ್ಡ್ ರಸ್ತೆಗೆ ಮ್ಯಾಂಚೆಸ್ಟರ್ ಬೀದಿ ಕೂಡುವ ಕಡೆ ಅಸೆಂಬ್ಲಿ ಲೈನು ಹುಟ್ಟಿದ ಕಾರ್ಖಾನೆಯ ಉಳಿದ ಕಟ್ಟಡಗಳನ್ನು ಹೊರಗಿನಿಂದ ನೋಡಬಹುದು. ಅಲ್ಲಿಂದ ಕಾರಿನಲ್ಲಿ ಕೆಲವೇ ನಿಮಿಷಗಳ ದಾರಿಯಲ್ಲಿ ಹ್ಯಾಮ್‌ಟ್ರಾಮಿಕ್‌ನ ಜೋಸೆಫ್ ಕಾಂಪೋ ರಸ್ತೆ. ಆ ಊರಿನ ಚರಿತ್ರೆಯ ವಸ್ತುಸಂಗ್ರಹಾಲಯ ಇರುವುದೂ ಅದೇ ರಸ್ತೆಯಲ್ಲಿ. ಹಸಿದಿದ್ದರೆ ಕೋನಂಟ್ ರಸ್ತೆಗೆ ಹೋಗಿ. ಬಂಗಾಳಿಗಳ ಅನ್ನ ಸಾರು ನಮ್ಮ ನಾಲಗೆಗೆ ಹೊಸತೆನಿಸದು.